ಬಿಟ್ಟ ಕೂಡಲೇ ನಿಲ್ಲುವ ಹಬೆ

ನಬಿಸುಬಿಯ ಮೂಗಿನ ಬಗ್ಗೆ ಮಸಾಕಾ ಊರಿನ ನ್ಯೆಂಡೊ ಪೇಟೆಯ ಡ್ರೈವರುಗಳು ಹೇಳುವುದರಲ್ಲಿ ಅರ್ಧ ಬರೀ ಬುರುಡೆ. ಕಾರಿನ ಬಾಗಿಲು ತೆಗೆದರೆ ಸಾಕು, ಹಿಂದಿನ ಭಾನುವಾರ ಅದರಲ್ಲಿ ಯಾರ ಹೆಂಡತಿ ಕೂತಿದ್ದಳು ಅಂತ ಹೇಳಿಬಿಡುತ್ತಾಳಂತೆ. ಹಾಗಿದ್ದಿದ್ದರೆ ಒಬ್ಬ ಗಂಡಸೂ ಅವಳ ಹತ್ತಿರ ಕಾರು ತರುತ್ತಿರಲಿಲ್ಲ. ಉಳಿದರ್ಧ ಮಾತ್ರ ನಿಜ. ಸೀಟಿನ ಸಂದಿಯಲ್ಲಿ ಒಣಮೀನಿನ ಪುಡಿ ಕೂತಿದೆಯೋ, ಮಗು ಹಾಲು ಕಕ್ಕಿದೆಯೋ, ಹಲಸಿನ ಹಣ್ಣು ಸೋರಿದೆಯೋ, ಕಿಟಕಿಯಿಂದ ಒಮ್ಮೆ ಮೂಗು ತೂರಿಸಿದರೆ ಅವಳಿಗೆ ಗೊತ್ತಾಗುತ್ತದೆ.

ಮಸಾಕಾದ ತಗ್ಗಿನಲ್ಲಿ, ಜೊಂಡು ಬೆಳೆದ ಜೌಗಿನ ಅಂಚಿಗೆ ಅವಳ ತೊಳೆಯುವ ಕಟ್ಟೆ. ಹುಡುಗಿಯಾಗಿದ್ದಾಗ ಲಾರಿ ತೊಳೆಯುವ ಗಂಡಸರಿಗೆ ನೀರು ಹೊತ್ತು ಕೊಡುತ್ತಿದ್ದಳು. ಹೊರಗೆ ಫಳಫಳ ಹೊಳೆಸುವ ಕೆಲಸವೆಲ್ಲ ಅವರದು. ಒಳಗಿನ ಕೊಳೆ ಯಾರಿಗೂ ಬೇಡ. 'ಸಣ್ಣ ಮೈ ನಿಂದು, ಸೀಟಿನ ಕೆಳಗೆ ನುಗ್ಗು' ಅಂದರು. ನುಗ್ಗಿದಳು. ಆಮೇಲೆ ಮೈ ದಪ್ಪವಾಯಿತು, ಕಟ್ಟೆ ಅವಳದೇ ಆಯಿತು, ಆದರೂ ಒಳಗಿನ ಕೆಲಸ ಬಿಡಲಿಲ್ಲ. ಹೊರಗೆ ಯಾರು ಬೇಕಾದರೂ ತೊಳೆಯಲಿ, ಒಳಗೆ ಮಾತ್ರ ನಬಿಸುಬಿಯೇ ಆಗಬೇಕು ಅನ್ನುವ ಮಾತು ಪೇಟೆಯಲ್ಲಿ ನಿಂತುಹೋಯಿತು. ಹಲಸಿನ ಅಂಟಿಗೆ ಅಡುಗೆ ಎಣ್ಣೆ, ಮೀನಿನ ವಾಸನೆಗೆ ಇದ್ದಿಲು, ಹಾಲಿಗೆ ನಿಂಬೆ. ಇವೇ ಅವಳ ಔಷಧಗಳು.

ಅವಳಿಗೆ ಮಕ್ಕಳಿಲ್ಲ. ಗಂಡ ಜುಬಾ ಕಡೆ ಲಾರಿ ಹೊಡೆದುಕೊಂಡು ಹೋದವನು ಅಲ್ಲೇ ಉಳಿದ. 'ಅವನ ಲಾರಿ ಒಳಗಿನ ವಾಸನೆ ನೋಡಿದಾಗ್ಲೇ ನಂಗೆ ಗೊತ್ತಾಗಬೇಕಿತ್ತು' ಅಂತ ಈಗ ನಗುತ್ತಾಳೆ. ಅಣ್ಣ ಕಲಿಬ್ಬಾಲನ ಹೆಂಡತಿ ತೀರಿಕೊಂಡಾಗ ಹಾಲುಗಲ್ಲದ ಗೊರೆಟ್ಟಿಯನ್ನು ಎತ್ತಿಕೊಂಡು ಬಂದಳು. ಬಿಸಿಲಿಗೆ ಒಣಗಲು ಇಟ್ಟ ಕಾರಿನ ಸೀಟುಗಳ ಮೇಲೆಯೇ ಆ ಮಗು ಮಲಗಿ, ಆಡಿ, ಅಕ್ಷರ ಕಲಿತು ದೊಡ್ಡದಾಯಿತು. ನಮ್ಮಲ್ಲಿ ಸೋದರತ್ತೆಗೆ ಸೆಂಗಾ ಅನ್ನುತ್ತೇವೆ. ಹುಡುಗಿಗೆ ಬದುಕು ಕಲಿಸುವವಳೂ ಅವಳೇ, ಮದುವೆ ಕುದುರಿಸಿ ನಿಲ್ಲಿಸುವವಳೂ ಅವಳೇ. ನಬಿಸುಬಿ ಸೆಂಗಾ ಮಾತ್ರ ಅಲ್ಲ, ತಾಯಿಯೂ ಹೌದು.

ಕಟ್ಟೆಗೆ ಇದ್ದ ಶತ್ರು ಮಳೆ ಒಂದೇ. ನವೆಂಬರಿನಲ್ಲಿ ಒದ್ದೆ ಸೀಟು ಜಪ್ಪಯ್ಯ ಅಂದರೂ ಒಣಗುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗಿನ ಸ್ಪಂಜು ಮುಗ್ಗಲು ಹಿಡಿದು, ತೊಳೆಯುವ ಮುಂಚೆ ಇದ್ದ ವಾಸನೆಯೇ ವಾಸಿ ಅನ್ನಿಸುತ್ತದೆ. ಅದಕ್ಕೇ ಅವಳು ಹಬೆಯ ಯಂತ್ರದ ಕನಸು ಹಿಡಿದು ಕೂತಿದ್ದಳು. ಹಬೆ ಕೊಳೆ ಬಿಡಿಸುತ್ತದೆ, ಒದ್ದೆ ಮಾಡುವುದಿಲ್ಲ ಅಂತ ಕಂಪಾಲಾದಿಂದ ಬಂದ ಡ್ರೈವರೊಬ್ಬ ಹೇಳಿದ್ದ. ಹಾಜಿ ಮುವಾಂಗಾನ ಅಂಗಡಿಗೆ ಹೋಗಿ ಯಂತ್ರಗಳನ್ನು ಮುಟ್ಟಿ ನೋಡುವುದು, ವಾಪಸು ಬರುವುದು.

'ನ್ಯಾಬೊ, ಇನ್ನೂ ಎಷ್ಟು ಸಲ ಸವರ್ತೀಯಮ್ಮ? ಬಣ್ಣ ಹೋಗ್ತಾ ಇದೆ' ಅಂತ ಹಾಜಿ ರೇಗಿಸುತ್ತಿದ್ದ. ನ್ಯಾಬೊ ಅಂದರೆ ನಮ್ಮಲ್ಲಿ ಅಮ್ಮಾ ಅಂದ ಹಾಗೆ.

'ಒಂದೇ ಸಲ ತಗೊಳ್ಳೋದು ಹಾಜಿ. ಗಂಡನ್ನ ಅವಸರದಲ್ಲಿ ಆರಿಸಿದೆ, ಇದನ್ನ ಹಾಗೆ ಆರಿಸಲ್ಲ.'

ಕೊನೆಗೆ ಅವಸರವೇ ಅವಳನ್ನು ಹುಡುಕಿಕೊಂಡು ಬಂತು. ಗುರುವಾರ ಬೆಳಗ್ಗೆ, ಮಳೆ ಬಿಟ್ಟ ಹೊತ್ತಿಗೆ, ಕಿಜ್ಜಾನ ಬಿಳಿ ವ್ಯಾನು ಕಟ್ಟೆಗೆ ಬಂದು ನಿಂತಿತು. ಕಿಜ್ಜಾ ಅಂದರೆ ಗೊರೆಟ್ಟಿಯನ್ನು ಮದುವೆಯಾಗಲಿರುವ ಹುಡುಗ. ಶನಿವಾರ ಕಲಿಬ್ಬಾಲನ ಮನೆಯಲ್ಲಿ ಕ್ವಾಂಜುಲಾ, ಗಂಡಿನ ಕಡೆಯವರು ಬುಟ್ಟಿ ತುಂಬ ಉಡುಗೊರೆ ತಂದು ಹೆಣ್ಣು ಕೇಳುವ ಶಾಸ್ತ್ರ. ಉಡುಗೊರೆಯೂ ಬರುವುದು, ಹಿರಿಯರೂ ಬರುವುದು ಇದೇ ವ್ಯಾನಿನಲ್ಲಿ. ನಬಿಸುಬಿ ಕಿಟಕಿಯಿಂದ ಮೂಗು ತೂರಿಸಲೂ ಬೇಕಾಗಲಿಲ್ಲ. ಎರಡು ಮಾರು ದೂರದಲ್ಲೇ ನಿಂತುಬಿಟ್ಟಳು.

'ಅಯ್ಯೋ ನಿನ್ನ! ನಿನ್ನೆವರೆಗೂ ಮಿಡತೆ ಲೋಡು ಹೊಡೆದಿದ್ದೀಯಾ?'

ಕಿಜ್ಜಾ ತಲೆ ತಗ್ಗಿಸಿದ. 'ಸೀಜನ್ನು ಸೆಂಗಾ. ಈ ಸಲ ಆಕಾಶದಿಂದ ಸುರಿದ ಹಾಗೆ ಬಿದ್ವು. ಮೂಟೆ ಹೊತ್ಕೊಂಡು ಕಂಪಾಲಾಗೆ ಒಂದೇ ಸಮ ಓಡಿಸಿದೆ. ಮೂರು ಮೂಟೆ ಒಳಗೇ ಬಿಚ್ಕೊಂಡ್ವು. ಮದುವೆ ಖರ್ಚಿಗೆ ಅಂತ...'

'ಯಾರ ಮನೆಗೆ ಹೋಗ್ತಿದ್ದೀಯ ಅನ್ನೋದು ತಲೇಲಿ ಇತ್ತೇನೋ?'

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನವೆಂಬರಿನ ಮಿಡತೆ ಅಂದರೆ ಮಸಾಕಾಗೆ ಹಬ್ಬ. ರೆಕ್ಕೆ ಕಾಲು ಕಿತ್ತು, ಈರುಳ್ಳಿ ಹಾಕಿ ಗರಿಗರಿ ಹುರಿದರೆ ಬಾಯಲ್ಲಿ ನೀರೂರದವರಿಲ್ಲ. ಆದರೆ ನಬಿಸುಬಿಯದು, ಅವಳಣ್ಣನದು, ಗೊರೆಟ್ಟಿಯದು ಮಿಡತೆ ಕುಲ. ಆ ಕುಲದವರಿಗೆ ಮಿಡತೆ ಒಡಹುಟ್ಟು, ತಿನ್ನುವಂತಿಲ್ಲ, ಕೊಲ್ಲುವಂತಿಲ್ಲ. ಬೇರೆಯವರು ತಿಂದರೆ ತಕರಾರೇನೂ ಇಲ್ಲ, ಚೇಷ್ಟೆ ಮಾಡಿ ನಗುತ್ತಾರೆ ಅಷ್ಟೆ. ಕಲಿಬ್ಬಾಲ ಮಾತ್ರ ನಗುವ ಜಾತಿಯಲ್ಲ. 'ನಮ್ಮೋರನ್ನ ಮೂಟೆ ಕಟ್ಟಿ ಮಾರೋನಿಗೆ ನಮ್ಮ ಹುಡುಗೀನ ಕೊಡೋದಾ?' ಅಂತ ಮೂರು ತಿಂಗಳು ಹಟ ಹಿಡಿದಿದ್ದ. ಗೊರೆಟ್ಟಿ ಊಟ ಬಿಟ್ಟಳು, ನಬಿಸುಬಿ ಅಣ್ಣನ ಮನೆ ಬಾಗಿಲು ಸವೆಸಿದಳು, ಆಮೇಲೆ ಹೂಂ ಅಂದಿದ್ದ. ಅದೂ ಅರೆಮನಸ್ಸಿನ ಹೂಂ. ಈಗ ಸತ್ತ ಮಿಡತೆ ನಾರುವ ವ್ಯಾನು ಅವನ ಅಂಗಳದಲ್ಲಿ ನಿಂತರೆ ಮುಗಿಯಿತು. ಬುಟ್ಟಿಗಳ ಸಮೇತ ಎಲ್ಲರನ್ನೂ ಬಂದ ದಾರಿಗೇ ಕಳಿಸುತ್ತಾನೆ. ಅದು ನಬಿಸುಬಿಗೂ ಗೊತ್ತು, ಕಿಜ್ಜಾನಿಗೂ ಗೊತ್ತು.

'ಬೇರೆ ಗಾಡಿ ತಗೊಂಡು ಹೋಗೋ.'

'ಶನಿವಾರ ಊರ್ ತುಂಬ ಮದುವೆ ಸೆಂಗಾ, ಒಂದೂ ಸಿಗ್ತಿಲ್ಲ. ಅದೂ ಅಲ್ದೆ ಬಾಡಿಗೆ ಗಾಡೀಲಿ ಬಂದ್ರೆ ಮಾವ ಏನಂತಾರೆ? ಸ್ವಂತ ಗಾಡಿ ಇದೆ ಅಂತಾನೇ ಅಲ್ವಾ ನೀವು ಒಪ್ಸಿದ್ದು?'

ಅದೂ ನಿಜವೇ. ನಬಿಸುಬಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹತ್ತಿದಳು. ಸೀಟಿನ ಹೊಲಿಗೆಗಳಲ್ಲಿ ಜಜ್ಜಿಹೋದ ರೆಕ್ಕೆ, ಕಾಲು, ಹಸಿರು ಜಿಡ್ಡು. ಸೀಟಿನ ಕೆಳಗೆ ಬೆರಳು ಹಾಕಿದರೆ ಏನೋ ಮಿಸುಕಿತು. ಇನ್ನೂ ಜೀವಂತ ಇದ್ದವು, ಎಷ್ಟೋ. ಸೋಪು ನೀರು ಹಾಕಿದರೆ ಶನಿವಾರದ ಹೊತ್ತಿಗೆ ಒಣಗುವುದಿಲ್ಲ, ಸ್ಪಂಜಿನೊಳಗೆ ಕೊಳೆತು ಇನ್ನೂ ನಾರುತ್ತದೆ. ಹಬೆಯೇ ಆಗಬೇಕು. ಆದರೆ ಹಬೆ ತಾಗಿದರೆ ಅವು ಸಾಯುತ್ತವೆ, ಹಬೆ ಹಿಡಿಯುವ ಕೈ ಮಿಡತೆ ಕುಲದ್ದು! ಅವಳು ಕೆಳಗಿಳಿದು ಮೂಗಿನ ಬಟ್ಟೆ ಬಿಚ್ಚಿದಳು.

'ಸ್ಪ್ಯಾನರ್ ತಾ' ಅಂದಳು. 'ಹಿಂದಿನ ಸೀಟು ಬಿಚ್ಚು.'

ವ್ಯಾನಿನ ಸೀಟನ್ನು ಮೋಟಾರುಬೈಕಿನ ಹಿಂದೆ ಅಡ್ಡಡ್ಡ ಕಟ್ಟಿಸಿ, ಅದರ ಮೇಲೆ ತಾನೇ ಮಹಾರಾಣಿಯ ಹಾಗೆ ಕೂತು ನಬಿಸುಬಿ ಪೇಟೆಗೆ ಹೊರಟಿದ್ದನ್ನು ನ್ಯೆಂಡೊ ಇನ್ನೂ ಮರೆತಿಲ್ಲ. ದಾರಿಯಲ್ಲಿ ನಿಂತವರೆಲ್ಲ 'ಏನಮ್ಮಾ, ಕಾರು ಎಲ್ಲಿ ಬಿದ್ದೋಯ್ತು?' ಅಂತ ಕೂಗಿದರು. ಅವಳು ಎಲ್ಲರಿಗೂ ಕೈ ಬೀಸಿದಳು.

ಹಾಜಿ ಸೀಟನ್ನು ನೋಡಿ ಕಣ್ಣು ಬಿಟ್ಟ. 'ಇದೇನು, ಮಾರೋಕೆ ತಂದ್ಯಾ?'

'ಯಂತ್ರ ಆರ್ಸೋಕೆ ತಂದೆ. ನಿನ್ನ ಬಾಯಿ ಮಾತು ಎರಡು ವರ್ಷ ಕೇಳಿದೀನಿ. ಇವತ್ತು ಸೀಟು ಹೇಳ್ಲಿ.'

ಅಂಗಡಿಯಲ್ಲಿ ಇದ್ದವು ಮೂರು. ಕೈಯಲ್ಲಿ ಹಿಡಿಯುವ ಚಿಕ್ಕದೊಂದು, ಚಹಾದ ಕೆಟಲಿನ ಹಾಗೆ. ಚಕ್ರವಿರುವ ಭಾರಿ ಗಾತ್ರದ್ದೊಂದು, ಮೈತುಂಬ ಕನ್ನಡಿಯಂತೆ ಹೊಳೆಯುವ ಉಕ್ಕು, ಹಬೆ ಬಿಡುವ ಹತ್ತಾರು ಬಾಯಿ, ಬ್ರಷ್ಷು. ಮೂಲೆಯಲ್ಲಿ ಬೂದಿ ಬಣ್ಣದ್ದೊಂದು, ಹಾಲಿನ ಕ್ಯಾನಿಗೆ ಕೊಳವೆ ಸಿಕ್ಕಿಸಿದಂತಿತ್ತು. ಅದರ ಕಡೆ ಹಾಜಿ ತಿರುಗಿಯೂ ನೋಡುತ್ತಿರಲಿಲ್ಲ.

ಚಿಕ್ಕದರಿಂದ ಶುರು ಮಾಡಿದರು. ಒಂದು ಅಂಗೈ ಅಗಲ ಚೊಕ್ಕಟವಾಗುವಷ್ಟರಲ್ಲಿ ಅದರ ಉಸಿರು ನಿಂತಿತು. ನೀರು ತುಂಬಬೇಕಾದರೆ ಆರುವವರೆಗೆ ಕಾಯಬೇಕಂತೆ. 'ಇದು ಅಂಗಿ ಇಸ್ತ್ರಿಗೆ ಸರಿ' ಅಂತ ನಬಿಸುಬಿ ಪಕ್ಕಕ್ಕಿಟ್ಟಳು.

'ಅದನ್ನ ಬಿಡು, ಇದನ್ನ ನೋಡು!' ಹಾಜಿ ದೊಡ್ಡದರ ಗುಂಡಿ ಒತ್ತಿದ. ಅಂಗಡಿಯ ದೀಪ ಒಮ್ಮೆ ಮಂಕಾಯಿತು. ನಬಿಸುಬಿಗೆ ತಕ್ಷಣ ಕಟ್ಟೆಯ ಪಕ್ಕದ ಜೋಳದ ಗಿರಣಿ ನೆನಪಾಯಿತು. ಅವಳಿಗೆ ಕರೆಂಟು ಬರುವುದು ಗಿರಣಿಯ ವಸ್ವಾನ ತಂತಿಯಿಂದ. ಇದನ್ನು ಹಚ್ಚಿದರೆ ಗಿರಣಿ ನಿಲ್ಲುತ್ತದೆ, ವಸ್ವಾ ಕೂಗಾಡುತ್ತಾನೆ. ಅಷ್ಟರಲ್ಲಿ ಕೊಳವೆ ಭುಸ್ಸೆಂದಿತು. ಮೊದಲು ಬಿಸಿನೀರು ಉಗುಳಿ, ಆಮೇಲೆ ಹಬೆ ನುಗ್ಗಿತು. ಸೀಟಿನ ಹೊಲಿಗೆಯಿಂದ ಹಸಿರು ಜಿಡ್ಡು ಬುಳಬುಳ ಮೇಲೆದ್ದಿತು. ಅಂಗಡಿ ತುಂಬ ಹುರಿದ ಮಿಡತೆಯ ಘಮ! ಪಕ್ಕದ ಅಂಗಡಿಯವನು ಇಣುಕಿ 'ಹಾಜಿ, ಒಬ್ನೇ ತಿನ್ಬೇಡ, ನಂಗೂ ಇರ್ಲಿ' ಅಂದ.

'ಶಕ್ತಿ ನೋಡು ನ್ಯಾಬೊ!' ಹಾಜಿಗೆ ಹುರುಪು ಏರಿತ್ತು. 'ತಿಗಣೆ, ಜಿರಳೆ, ಮಿಡತೆ... ಒಂದು ಹುಳ ಉಳಿಯಲ್ಲ. ಎಲ್ಲಾ ಫಿನಿಶ್!'

'ಹಾಜಿ, ನಾನು ಯಾವ ಕುಲದೋಳು ಗೊತ್ತಾ?'

ಹಾಜಿ ನಾಲಗೆ ಕಚ್ಚಿಕೊಂಡ. ಪಕ್ಕದ ಅಂಗಡಿಯವನು ಹೊಟ್ಟೆ ಹಿಡಿದು ನಗತೊಡಗಿದ. ಅದೇ ಹೊತ್ತಿಗೆ ಸೀಟಿನ ಸಂದಿಯಿಂದ ಹಸಿರು ಮಿಡತೆಯೊಂದು ತೆವಳಿಕೊಂಡು ಆಚೆ ಬಂತು, ನೇರ ಹಬೆಯ ಕಡೆಗೆ.

'ನಿಲ್ಸು! ನಿಲ್ಸೋ!'

ಹಾಜಿ ಗುಂಡಿ ಬಿಟ್ಟ. ಹಬೆ ನಿಲ್ಲಲಿಲ್ಲ. ಆ ದೊಡ್ಡ ಯಂತ್ರ ಬಿಟ್ಟ ಮೇಲೂ ಬುಸುಗುಡುತ್ತಲೇ ಇತ್ತು, ಜಗಳ ಮುಗಿದ ಮೇಲೂ ಗೊಣಗುವವರ ಹಾಗೆ. ನಬಿಸುಬಿ ಹಿಂದೆಮುಂದೆ ನೋಡದೆ ಕೊಳವೆಗೇ ಕೈ ಹಾಕಿ ಆಚೆ ತಳ್ಳಿದಳು. ಹಬೆ ಹೋಗಿ ರಟ್ಟಿನ ಪೆಟ್ಟಿಗೆಗಳ ಮೇಲೆ ಬಡಿಯಿತು. ಅವಳ ಮಣಿಕಟ್ಟು ಸುಟ್ಟು ಕೆಂಪಗಾಯಿತು. ಮಿಡತೆ ಟಣ್ಣನೆ ಹಾರಿ ಹಾಜಿಯ ಟೋಪಿಯ ಮೇಲೆ ಕೂತಿತು.

'ನಿಮ್ಮಣ್ಣ ಬಂದ್ರು ನೋಡಮ್ಮ' ಅಂದ ಪಕ್ಕದವನು. 'ಹಾಜಿ ಅಲ್ಲಾಡ್ಬೇಡ, ನಾನು ಹಿಡ್ಕೋತೀನಿ. ಒಂದಾದ್ರೂ ಆಗ್ಲಿ, ಬಾಯಿ ಚಪಲ.'

'ಮುಟ್ಟು ನೋಡೋಣ!' ನಬಿಸುಬಿ ಅದನ್ನು ಸೆರಗಿನಲ್ಲಿ ಮೆಲ್ಲಗೆ ತೆಗೆದು ಬಾಗಿಲಾಚೆಯ ಬೇಲಿಗೆ ಬಿಟ್ಟು ಬಂದಳು. ನಗು ಅವಳಿಗೂ ಬಂತು, ಕೈ ಮಾತ್ರ ಉರಿಯುತ್ತಿತ್ತು. ಆ ಉರಿಯಲ್ಲೇ ಅವಳಿಗೆ ಎರಡು ವರ್ಷದಿಂದ ಹೊಳೆಯದಿದ್ದುದು ಹೊಳೆಯಿತು. 'ಹಾಜಿ, ಆ ಹಾಲಿನ ಕ್ಯಾನು ತೆಗಿ.'

'ಅದಾ? ಅದರಲ್ಲಿ ಏನಿದೆ? ಒಂದೇ ಒಂದು ಬಾಯಿ, ಒಂದೇ ಒಂದು ಗುಂಡಿ.'

ಅವಳು ಗುಂಡಿ ಒತ್ತಿದಳು. ಸಣ್ಣಗೆ, ಒಣಗಿದ ಹಬೆ ಬಂತು. ಬಿಟ್ಟಳು. ನಿಂತಿತು. ಒತ್ತಿದಳು, ಬಿಟ್ಟಳು. ಬಿಟ್ಟ ಕ್ಷಣಕ್ಕೇ ನಿಂತಿತು. ಮೇಲಿದ್ದ ತಿರುಪಿನ ಕಿವಿ ತಿರುಗಿಸಿದರೆ ಹಬೆ ಉಗುರುಬೆಚ್ಚಗೂ ಆಗುತ್ತಿತ್ತು. ಸೀಟಿನ ಮೇಲೆ ಆಡಿಸಿ, ಬಟ್ಟೆಯಿಂದ ಒರೆಸಿ, ಕೆನ್ನೆ ಇಟ್ಟು ನೋಡಿದಳು. ತೇವ ಇದ್ದೂ ಇಲ್ಲದ ಹಾಗೆ. ಮೂಗು ಇಟ್ಟು ನೋಡಿದಳು. ಅಲ್ಲಿ ಬರೀ ಬಟ್ಟೆಯ ವಾಸನೆ.

'ಎಲ್ರೂ ಎಷ್ಟು ಜೋರಾಗಿ ಹೊಡೆಯುತ್ತೆ ಅಂತ ಕೇಳ್ತಾರೆ' ಹಾಜಿ ಗೊಣಗಿದ. 'ನೀನೊಬ್ಳು ಎಷ್ಟು ಬೇಗ ನಿಲ್ಲುತ್ತೆ ಅಂತ ನೋಡ್ತೀಯ.'

'ಜೋರಾಗಿ ಹೊಡೆಯೋರನ್ನ ನೋಡಿದೀನಿ ಬಿಡು. ಕಟ್ಟಿಕೊಡು.'

ಚೌಕಾಸಿ ಮಾಡಿದಳು, ಮಾಡದೆ ಬಿಡುವವಳಲ್ಲ. ಬರುವಾಗ ಬೈಕಿನ ಮೇಲೆ ಸೀಟು, ಸೀಟಿನ ಮೇಲೆ ಅವಳು, ಅವಳ ತೊಡೆಯ ಮೇಲೆ ಹಾಲಿನ ಕ್ಯಾನು. ಅಷ್ಟು ಖುಷಿಯಾಗಿ ಅವಳು ತನ್ನ ಮದುವೆಯ ದಿನವೂ ಕೂತಿರಲಿಲ್ಲ.

ಶುಕ್ರವಾರ ಬೆಳಗ್ಗೆ ವ್ಯಾನಿಗೆ ಮೇಲಿಂದ ಕೆಳಗಿನವರೆಗೂ ಟಾರ್ಪಾಲು ಹೊದಿಸಿದಳು, ಒಂದು ಬಾಗಿಲು ಬಿಟ್ಟು. ಮಿಡತೆಗೆ ಬೆಳಕೆಂದರೆ ಪ್ರಾಣ. ಅದನ್ನೇ ಹಿಡಿದು ಜನ ದೊಡ್ಡ ದೊಡ್ಡ ದೀಪ ಹಚ್ಚಿ ಅವನ್ನು ಡ್ರಮ್ಮಿಗೆ ಬೀಳಿಸುವುದು. ನಬಿಸುಬಿ ಕತ್ತಲ ತುದಿಯಲ್ಲಿ ಮಂಡಿಯೂರಿ ಕೂತು ಉಗುರುಬೆಚ್ಚಗಿನ ಹಬೆ ಬಿಡುತ್ತ ಬಂದಳು. ಒತ್ತುವುದು, ಬಿಡುವುದು, ಕಾಯುವುದು. ಮಿಸುಕಿದ ಸದ್ದಾದರೆ ಕೈ ತಡೆಯುವುದು. ಒಂದೊಂದಾಗಿ ಅವು ಸೀಟಿನಡಿಯಿಂದ ಹೊರಟು, ತೆರೆದ ಬಾಗಿಲಿಗೆ ನಡೆದು, ಅಲ್ಲಿ ಆನಿಸಿಟ್ಟಿದ್ದ ಬಾಳೆಲೆಯ ಮೇಲಿಂದ ಜೌಗಿನ ಕಡೆ ಹಾರಿದವು. ಗಿರಣಿಯ ವಸ್ವಾ ಬೋಗುಣಿ ಹಿಡಿದು ಬಂದು ನಿಂತಿದ್ದ.

'ಹೇಗೂ ಬಿಡ್ತಿದ್ದೀಯ, ನಂಗೇ ಬಿಟ್ಬಿಡೇ. ಎಣ್ಣೆ ಕಾಯ್ತಿದೆ.'

'ಬೋಗುಣಿ ಇಟ್ಟು ಆಚೆ ಹೋಗು. ಇಲ್ದಿದ್ರೆ ಈ ಕೊಳವೆ ನಿನ್ ಕಡೆ ತಿರುಗುತ್ತೆ.'

'ಆಹಾ, ತವರಿನೋರನ್ನ ಕಳಿಸಿಕೊಡೋ ಸಂಭ್ರಮ ನೋಡು!'

ವಸ್ವಾನ ಜೊತೆ ಅವನ ಕೋಳಿಯನ್ನೂ ಓಡಿಸಬೇಕಾಯಿತು. ಎಲ್ಲ ಹೊರಟವು ಅನ್ನಿಸಿದ ಮೇಲೆ ಕಿವಿ ತಿರುಗಿಸಿ ಬಿಸಿ ಏರಿಸಿದಳು. ಸತ್ತವುಗಳ ಪುಡಿಯನ್ನು ಕಿಜ್ಜಾನ ಕೈಯಲ್ಲೇ ಬಾಳೆಲೆಯಲ್ಲಿ ಸುತ್ತಿಸಿ, ಜೊಂಡಿನ ಬುಡದಲ್ಲಿ ಹೂಳಿಸಿದಳು. ಚಾವಣಿಯ ಬಟ್ಟೆಗೆ ಮಾತ್ರ ಹಬೆ ತಾಗಿಸಿ ತಾಗಿಸದ ಹಾಗೆ ಓಡಿಸಿದಳು, ಅಂಟು ಬಿಟ್ಟು ಹಿರಿಯರ ತಲೆ ಮೇಲೆ ಕಳಚಿ ಬೀಳಬಾರದಲ್ಲ. ಸಂಜೆ ಹೊತ್ತಿಗೆ ಕಿಟಕಿಯಿಂದ ಮೂಗು ತೂರಿಸಿ ಉದ್ದಕ್ಕೆ ಉಸಿರೆಳೆದಳು. ಏನೂ ಇರಲಿಲ್ಲ. ಅವಳಿಗೆ ಇದಕ್ಕಿಂತ ಒಳ್ಳೆಯ ವಾಸನೆ ಇನ್ನೊಂದಿಲ್ಲ.

ಶನಿವಾರ ಕಲಿಬ್ಬಾಲನ ಅಂಗಳದಲ್ಲಿ ಎದುರುಬದುರು ಎರಡು ಚಪ್ಪರ. ವ್ಯಾನು ಬಂದು ನಿಂತಿತು, ಹೆಂಗಸರು ಬುಟ್ಟಿ ಹೊತ್ತು ಮಂಡಿಯೂರಿದರು. ಹೆಣ್ಣಿನ ಕಡೆಯ ಮಾತುಗಾರ ಶಾಸ್ತ್ರದ ಪ್ರಕಾರ ಗುರುತೇ ಇಲ್ಲದವನ ಹಾಗೆ 'ಯಾರಪ್ಪ ನೀವು? ದಾರಿ ತಪ್ಪಿ ಬಂದ್ರಾ?' ಅಂತ ಶುರು ಮಾಡಿದ. ನಬಿಸುಬಿಯ ಕಣ್ಣೆಲ್ಲ ಅಣ್ಣನ ಮೇಲೆ. ಅವನು ಗಾಡಿ ಸರಿಯಾಗಿ ನಿಲ್ಲಿಸಿದ್ದಾರೋ ನೋಡುವ ನೆಪದಲ್ಲಿ ಹೋಗಿ, ವ್ಯಾನಿನ ಬಾಗಿಲು ತೆಗೆದು, ತಲೆ ಒಳಗೆ ಹಾಕಿದ. ಅವರ ವಂಶದ ಮೂಗು ಅವನಿಗೂ ಇದೆಯಲ್ಲ! ಕಲಿಬ್ಬಾಲ ಆಚೆ ಬಂದ, ಇನ್ನೊಮ್ಮೆ ತಲೆ ಹಾಕಿದ, ಬಾಗಿಲು ಮುಚ್ಚಿದ. ಬಂದು ಕುರ್ಚಿಯಲ್ಲಿ ಕೂತವನ ಮುಖದಲ್ಲಿ ಬೈಯಲು ಏನೂ ಸಿಗದ ಬೇಜಾರು ಕಾಣುತ್ತಿತ್ತು. ನಬಿಸುಬಿ ಮನಸ್ಸಿನಲ್ಲೇ ಹಾಲಿನ ಕ್ಯಾನಿಗೆ ಕೈ ಮುಗಿದಳು.

ಕೊನೆಗೆ ಸೆಂಗಾ ಎದ್ದು ಗಂಡಿನ ಚಪ್ಪರಕ್ಕೆ ಹೋಗಿ, ಅಷ್ಟು ಜನರಲ್ಲಿ ಹುಡುಗ ಯಾರು ಅಂತ ಗುರುತು ಹಿಡಿದು ಅವನ ಎದೆಗೆ ಹೂವು ಸಿಕ್ಕಿಸುವ ಹೊತ್ತು ಬಂತು. ಸಿಕ್ಕಿಸಿದರೆ ಆ ಮನೆ ಅವನನ್ನು ಒಪ್ಪಿದ ಹಾಗೆ. ಹೊಸ ರೇಷ್ಮೆಯ ಬುಸೂಟಿ ಉಟ್ಟು, ನಡುಪಟ್ಟಿ ಬಿಗಿದು, ನಬಿಸುಬಿ ಹೂವು ಹಿಡಿದು ನಡೆದಳು. ಕಿಜ್ಜಾ ಬಿಳಿಯ ಉದ್ದ ನಿಲುವಂಗಿಯಲ್ಲಿ ಎದ್ದು ನಿಂತ. ಅವನ ಭುಜದ ಮೇಲೆ ಹಸಿರು ಮಿಡತೆಯೊಂದು ಮೀಸೆ ಆಡಿಸುತ್ತ ಕೂತಿತ್ತು. ವ್ಯಾನಿನಲ್ಲಿ ಒಂದು ಉಳಿದುಬಿಟ್ಟಿತ್ತು!

ಎರಡೂ ಚಪ್ಪರಗಳ ಜನ ಕತ್ತು ಚಾಚಿ ನೋಡಿದರು. ಗೊರೆಟ್ಟಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಭುಜದ ಮೇಲೆ ಕಚಗುಳಿಯಾಗಿ ಕಿಜ್ಜಾ ತಿರುಗಿ ನೋಡಿದ, ಅವನ ಕೈ ತನ್ನಷ್ಟಕ್ಕೆ ಮೇಲೆದ್ದಿತು. ಮಸಾಕಾದ ಕೈ ಅದು, ಹುಟ್ಟಿದಾಗಿನಿಂದ ಪಳಗಿದ ಕೈ. ಹೆಬ್ಬೆರಳು ತೋರುಬೆರಳು ರೆಕ್ಕೆ ಕೀಳಲು ಕೂಡಿಕೊಂಡೇ ಹೋದವು. ನಬಿಸುಬಿ ಹೂವು ಹಿಡಿದು ನಡುದಾರಿಯಲ್ಲೇ ನಿಂತಳು.

ರೆಕ್ಕೆಗೆ ಕೂದಲೆಳೆ ದೂರದಲ್ಲಿ ಬೆರಳು ನಿಂತಿತು. ಅವನು ಕೈಯನ್ನು ಬಿಡಿಸಿ ಅಗಲ ಮಾಡಿ, ಅಂಗೈಯನ್ನು ಮೆಟ್ಟಿಲಿನ ಹಾಗೆ ಭುಜದ ಪಕ್ಕ ಹಿಡಿದ. ಮಿಡತೆ ಯೋಚಿಸಿ ಯೋಚಿಸಿ ಅದರ ಮೇಲೆ ಹತ್ತಿತು. ಆ ಶಾಸ್ತ್ರದಲ್ಲಿ ಮದುಮಗ ಬಾಯಿ ತೆಗೆಯುವಂತಿಲ್ಲ, ಎಲ್ಲ ಮಾತುಗಾರನೇ ಆಡಬೇಕು. ಕಿಜ್ಜಾ ಅದನ್ನೂ ಮರೆತು ಅಂಗಳ ದಾಟಿ ಕಲಿಬ್ಬಾಲನ ಮುಂದೆ ಹೋಗಿ ಕೈ ನೀಡಿದ.

'ಇವರು ನಿಮ್ಮೋರು ಮಾವ' ಅಂದ. 'ಗಾಡಿಯಿಂದ ಎಲ್ರೂ ಇಳಿದು ಹೋದ್ರು. ಇವರೊಬ್ರು ಮದುವೆಗೆ ಅಂತ ಉಳ್ಕೊಂಡ್ರು.'

ಕಲಿಬ್ಬಾಲ ಮಿಡತೆಯನ್ನು ನೋಡಿದ, ಅವನನ್ನು ನೋಡಿದ, ಚಪ್ಪರದ ನಡುವೆ ಹೂವು ಹಿಡಿದು ನಿಂತ ತಂಗಿಯನ್ನು ನೋಡಿದ. ಅವಳ ಮಣಿಕಟ್ಟಿನ ಸುಟ್ಟ ಗಾಯದ ಮೇಲೆ ಅವನ ಕಣ್ಣು ಸ್ವಲ್ಪ ಹೊತ್ತು ನಿಂತಿತು. ವ್ಯಾನಿನಲ್ಲಿ ಏನಿತ್ತು, ಅವನ್ನು ಯಾರು ಬಿಟ್ಟು ಕಳಿಸಿದರು ಅನ್ನುವುದೆಲ್ಲ ಅವನಿಗೆ ತಿಳಿಯಿತು ಅಂತ ಅವಳಿಗೂ ತಿಳಿಯಿತು.

'ಮೂಟೆ ಕಟ್ದೆ ತಂದಿದ್ದೀಯ, ಪರ್ವಾಗಿಲ್ಲ' ಅಂದ ಕಲಿಬ್ಬಾಲ. ಅವನ ತುಟಿ ಒಂದು ಕಡೆಗೆ ಸೊಟ್ಟಗಾಯಿತು. ಅವನಿಗೆ ನಗು ಅಂದರೆ ಅಷ್ಟೇ. 'ಇವರಿಗೆ ನಮ್ಮ ಕಡೆ ಚಪ್ಪರದಲ್ಲಿ ಜಾಗ ಮಾಡಿ. ಏಯ್ ಸೆಂಗಾ, ಏನು ಕಂಬದ ಹಾಗೆ ನಿಂತಿದ್ದೀಯ? ಹೂವು ಬಾಡುತ್ತೆ, ಸಿಕ್ಸು.'

ಅಂಗಳದಲ್ಲಿ ಹೋ ಅಂತ ಕೇಕೆ ಎದ್ದಿತು, ಹೆಂಗಸರು ನಾಲಗೆ ಆಡಿಸಿ ಉಲಿದರು. ಆ ಗದ್ದಲಕ್ಕೆ ಮಿಡತೆ ಬಾಳೆಯ ಗಿಡಗಳ ಕಡೆ ಹಾರಿಹೋಯಿತು. ನಬಿಸುಬಿಗೆ ಕಣ್ಣು ತುಂಬಿ ಹೂವೂ ಕಾಣಲಿಲ್ಲ, ಅಂಗಿಯೂ ಕಾಣಲಿಲ್ಲ. ಪಿನ್ನು ನೇರ ಕಿಜ್ಜಾನ ಎದೆಗೇ ಚುಚ್ಚಿತು. ಅವನು ಹಲ್ಲು ಕಚ್ಚಿಕೊಂಡು ನಗುತ್ತ ನಿಂತ.